2520 ಉಂಡಿ, ಹನ್ನೊಂದು ಡಬ್ಬಿ

ನನ್ನ ಮಾಮಾ ರಾವಸಾಬ ಮಾಸ್ತರರು ಹತ್ತು ಬಿಸ್ಕೀಟಿನ ಪಾಕೀಟನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹನ್ನೆರಡರದು ಇದ್ದರೆ ಕೊಡು, ಇಲ್ಲದಿದ್ದರೆ ಬೇಡ ಎಂದು ಮನಗೂಳಿಯ ಕಿರಾಣಿ ಅಂಗಡಿಯ ಸಂಜೀವಕುಮಾರನ ಎದುರು ವಾದಕ್ಕೆ ನಿಲ್ಲುತ್ತಾರೆ.

“ಹತ್ತು ಅಂದ್ರ ಏನೋ ತಮ್ಮಾ? ಇಬ್ಬರು ಬಂದ್ರ ನಡೀತೈತಿ, ಐದು ಮಂದಿ ಬಂದ್ರ ನಡೀತೈತಿ. ಮೂರು ಮಂದಿ ಬಂದ್ರ ಒಂದು ಉಳೀತೈತಿ, ನಾಕು ಮಂದಿ ಬಂದ್ರ ಎರಡು ಉಳೀತಾವು. ಹನ್ನೆರಡು ನೋಡು, ಇಬ್ಬರು, ಮೂವರು, ನಾಲ್ವರು, ಆರು ಮಂದಿ, ಯಾರ ಬರ್ಲಿ, ಜಗಳಿಲ್ಲ.”

“ಸರ, ಕಂಪನಿಯವ್ರು ಹತ್ತು ತುಂಬಿ ಕಳಸ್ತಾರ್ರಿ. ನಾ ಏನ ಮಾಡ್ಲಿ?”

“ಅವರ ಮನಿಗೆ ಒಮ್ಮೆಲೆ ಮೂರು ಮಂದಿ ಬೀಗರು ಬಂದಿಲ್ಲ, ಅದಕ್ಕ ಹಂಗ ತುಂಬ್ಯಾರ.”

ಮಾಮಾ ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷದ ಮೇಲೆ ಗಣಿತ ಕಲಿಸಿ ನಿವೃತ್ತರಾದವರು. ಮನೆ ಮನಗೂಳಿಯಲ್ಲಿ. ನಾನು ಅವರ ಅಕ್ಕ ಬಾಳಮ್ಮನ ಮಗಳು ರಾಜೇಶ್ವರಿ, ಹಲಸಂಗಿಯವಳು. ಈಗ ಇಂಡಿಯಲ್ಲಿ ನೌಕರಿ. ಗಣಿತ ನನ್ನ ಹಣೆಯಲ್ಲಿ ಬರೆದಿರಲಿಲ್ಲ, ಮಾಮಾ ಬರೆದಿದ್ದರು. ಶಾಲೆಯ ಸೂಟಿಗೆ ಅವರ ಮನೆಗೆ ಹೋದರೆ ಬುಟ್ಟಿಯ ಮಾವಿನ ಹಣ್ಣು ಕೈಗೆ ಬರುವ ಮೊದಲು ಅವನ್ನು ಎಷ್ಟು ಜನರಿಗೆ ಸರಿಯಾಗಿ ಹಂಚಬಹುದೆಂದು ಹೇಳಬೇಕಿತ್ತು. ನಾನು ಬೆರಳು ಮಡಚಿ ಮುಗಿಸುವಷ್ಟರಲ್ಲಿ ಹಣ್ಣು ಮುಗಿದಿರುತ್ತಿದ್ದವು. ಆ ಸಿಟ್ಟು ಇನ್ನೂ ಇದೆ. ಈ ಬರಹದಲ್ಲಿ ಎಲ್ಲಾದರೂ ಅವರ ಮೇಲೆ ಖಾರ ಹೆಚ್ಚು ಬಿದ್ದಿದ್ದರೆ ಬಿದ್ದಿರಲಿ.

ಬೇರೆಯವರು ಬಾಗಿಲ ಮೇಲೆ ಮನೆದೇವರ ಹೆಸರು ಬರೆಸುತ್ತಾರೆ. ಮಾಮಾ 2520 ಎಂದು ಬರೆಸಿದ್ದಾರೆ, ಅದೂ ಕೆಂಪು ಬಣ್ಣದಲ್ಲಿ. ಹೊಸದಾಗಿ ಬಂದ ಅಂಚೆಯವನು ಅದನ್ನು ಮನೆ ನಂಬರೆಂದು ತಿಳಿದು, ಮನಗೂಳಿಯಲ್ಲಿ ಇನ್ನೂ ಎಷ್ಟು ಮನೆ ಉಳಿದಿವೆಯೋ ಎಂದು ಕಟ್ಟೆಯ ಮೇಲೆ ಕುಸಿದು ಕೂತಿದ್ದನಂತೆ. ಮಾಮಾ ಅವನಿಗೆ ನೀರು ಕೊಟ್ಟು, ಬಿಡದೆ ಪಾಠವನ್ನೂ ಕೊಟ್ಟರು. ಒಂದರಿಂದ ಹತ್ತರವರೆಗೆ ಯಾವ ಅಂಕಿಯಿಂದ ಭಾಗಿಸಿದರೂ ಏನೂ ಉಳಿಯದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಸಣ್ಣದು 2520. ಅದಕ್ಕೆ ನಲವತ್ತೆಂಟು ಭಾಜಕಗಳಿವೆ. ಅದಕ್ಕಿಂತ ಸಣ್ಣ ಯಾವ ಸಂಖ್ಯೆಗೂ ಅಷ್ಟಿಲ್ಲ. ವಾರದ ಏಳು ದಿನ, ತಿಂಗಳ ಮೂವತ್ತು ದಿನ, ವರ್ಷದ ಹನ್ನೆರಡು ತಿಂಗಳು, ಈ ಮೂರನ್ನೂ ಗುಣಿಸಿದರೆ ಬರುವುದೂ ಅದೇ. ಇಷ್ಟು ಕೇಳಿದ ಅಂಚೆಯವನು ಈಗ ನಮ್ಮ ಮಾಮಾನ ಟಪಾಲನ್ನು ಪಕ್ಕದ ಮನೆಯ ಗೌಸಬಿಯ ಕೈಗೆ ಕೊಟ್ಟು ಹೋಗುತ್ತಾನೆ.

ಈ ಸಂಖ್ಯೆ ಮಾಮಾನಿಗೆ ಪುಸ್ತಕದಿಂದ ಸಿಕ್ಕಿದ್ದಲ್ಲ, ಜಗಳದಿಂದ ಸಿಕ್ಕಿದ್ದು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬಂದು, ಜೋಕಾಲಿ ಜೀಕಿ, ಹೋಗುವಾಗ ಉಡಿ ತುಂಬಿಸಿಕೊಂಡು ಒಂದು ಡಬ್ಬಿ ಉಂಡಿ ಒಯ್ಯಬೇಕು. ಆ ಉಂಡಿಯನ್ನು ಮೊದಲು ಅತ್ತೆಯ ಕೈಗಿಟ್ಟು, ಆಮೇಲೆ ಓಣಿಗೆಲ್ಲ ಹಂಚಬೇಕು. ಡಬ್ಬಿ ಸಣ್ಣದಾದರೆ ತವರೇ ಸಣ್ಣದು. ಮಾಮಾನ ಒಡಹುಟ್ಟಿದ ಹೆಣ್ಣುಮಕ್ಕಳು ಐವರು, ಅದೇ ಮನೆಯಲ್ಲಿ ಬೆಳೆದ ಅವರ ಕಾಕಾನ ಹೆಣ್ಣುಮಕ್ಕಳು ನಾಲ್ವರು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ದಿಕ್ಕಿಗೊಬ್ಬರನ್ನು ಕೊಟ್ಟಿದ್ದರು. ಒಂದು ವರ್ಷ ಒಂಬತ್ತೂ ಜನ ಬಂದರು. ಮಾಡಿದ್ದು ಸಾವಿರ ಶೇಂಗಾ ಉಂಡಿ. ಒಬ್ಬೊಬ್ಬರಿಗೆ ನೂರಾ ಹನ್ನೊಂದು ಬಂದು, ಒಂದು ಉಳಿಯಿತು.

ಆ ಒಂದು ಯಾರದು? ಹಿರಿಯಳಾದ್ದರಿಂದ ತನ್ನದೆಂದಳು ನಮ್ಮವ್ವ. ಕಿರಿಯಳಾದ್ದರಿಂದ ತನ್ನದೆಂದಳು ಅವಳ ತಂಗಿ, ಮುದ್ದೇಬಿಹಾಳದ ಮೌಶಿ. ಈಳಿಗೆ ತಂದು ಉಂಡಿಯನ್ನು ಎರಡು ಹೋಳು ಮಾಡಿದರು. ಒಂದು ಹೋಳು ದೊಡ್ಡದಾಯಿತು. ನಮ್ಮವ್ವ ಮತ್ತು ಮೌಶಿ ಮುಂದೆ ಎಷ್ಟೋ ವರ್ಷ ಮಾತಾಡಲಿಲ್ಲ. ಮದುವೆ ಮನೆಗಳಲ್ಲಿ ಇಬ್ಬರೂ ನನ್ನ ಮೂಲಕ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಇಬ್ಬರೂ ನನ್ನ ಕೈಲೇ ಉತ್ತರ ಕಳಿಸುತ್ತಿದ್ದರು, ಎರಡೂ ಕಡೆಯಿಂದ ಬೈಗುಳ ತಿಂದವಳು ನಾನು.

ಮರುದಿನ ಮಾಮಾ ಶಾಲೆಗೆ ಹೋಗಿ ಪಾಠ ಬಿಟ್ಟು ಬೋರ್ಡಿನ ಮುಂದೆ ನಿಂತರಂತೆ. ಒಂದು ವರ್ಷ ಏಳು ಜನ ಬರುತ್ತಾರೆ, ಒಂದು ವರ್ಷ ಐದು. ಒಬ್ಬಳಿಗೆ ಬಾಣಂತನ, ಒಬ್ಬಳಿಗೆ ಗಂಡನ ಜೊತೆ ಮುನಿಸು. ತೊಟ್ಟಿಲಲ್ಲಿದ್ದ ತಮ್ಮ ಮಗಳು ಶೈಲಶ್ರೀಯನ್ನೂ ಹಿಡಿದರೆ ಹೆಚ್ಚೆಂದರೆ ಹತ್ತು. ಎಷ್ಟೇ ಜನ ಬಂದರೂ ಒಂದೂ ಉಳಿಯಬಾರದು. ಎಂಟಕ್ಕಾಗಿ ಮೂರು ಎರಡುಗಳು ಬೇಕು, ಒಂಬತ್ತಕ್ಕಾಗಿ ಎರಡು ಮೂರುಗಳು ಬೇಕು, ಐದು ಒಂದು, ಏಳು ಒಂದು. ಆರು, ಹತ್ತು ಇವುಗಳೊಳಗೇ ಹುಟ್ಟುತ್ತವೆ. ಎಂಟು ಒಂಬತ್ಲೆ ಎಪ್ಪತ್ತೆರಡು, ಅದರ ಐದು ಪಟ್ಟು ಮುನ್ನೂರ ಅರವತ್ತು, ಅದರ ಏಳು ಪಟ್ಟು ಎರಡು ಸಾವಿರದ ಐದುನೂರ ಇಪ್ಪತ್ತು. ಹುಡುಗರು ಚಪ್ಪಾಳೆ ತಟ್ಟಿದರಂತೆ. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಪ್ರತಿ ಪಂಚಮಿಗೆ ಆ ಮನೆಯಲ್ಲಿ 2520 ಶೇಂಗಾ ಉಂಡಿ. ಹಂಚುವವರು ಮಾಮಾ, ಕಟ್ಟುವವಳು ಅವರ ಹೆಂಡತಿ ಸೀತವ್ವ, ನನ್ನ ಅತ್ತಿ. ಜೊತೆಗೆ ಗೌಸಬಿ ಬರುತ್ತಾಳೆ, ಮುಯ್ಯಿಗೆ. ರಮಜಾನಿನ ಶಾವಿಗೆಗೆ ಅತ್ತಿ ಅವಳ ಮನೆಗೆ ಹೋಗುತ್ತಾಳೆ. ಎಲ್ಲ ಉಂಡಿ ಒಂದೇ ಗಾತ್ರ ಇರಬೇಕೆಂದು ಮಾಮಾ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳವನ್ನು ಅಳತೆಗೆ ಕೊಟ್ಟಿದ್ದಾರೆ. ಎದುರಿಗೆ ಕುರ್ಚಿ ಹಾಕಿಕೊಂಡು ಎಣಿಸುತ್ತಾರೆ. ರುಚಿ ನೋಡುವ ಹಾಗಿಲ್ಲ. ನಾಗಪ್ಪನ ಎಡೆಗೆ ಎಳ್ಳುಂಡಿ ಬೇರೆ, ಇವು ಲೆಕ್ಕದವು.

ಯಾಕೆ ಅಷ್ಟು ಬಿಗಿ ಎಂದರೆ, ಒಂದು ವರ್ಷ ಇಲಿ ಒಂದು ಉಂಡಿ ಒಯ್ದಿತ್ತು. ಮಾಮಾ ಎದೆ ಒಡೆದವರ ಹಾಗೆ ಕೂತರು. “2519 ಅಂದ್ರ ಸಂಖ್ಯೆ ಅಲ್ಲದು, ಶಾಪ. ಇಬ್ಬರಿಗೆ ಹಂಚಿದ್ರ ಒಂದು ಉಳೀತೈತಿ. ಮೂವರಿಗೆ ಹಂಚಿದ್ರ ಎರಡು ಉಳೀತಾವು. ನಾಲ್ವರಿಗೆ ಮೂರು, ಐವರಿಗೆ ನಾಕು, ಹಂಗ ಹತ್ತು ಮಂದಿಗೆ ಒಂಬತ್ತು. ಎಷ್ಟು ಮಂದಿ ಬಂದ್ರೂ ಒಬ್ಬಾಕಿಗೆ ಒಂದು ಕಡಿಮಿ ಬೀಳ್ಲಿ ಅಂತ ಹುಟ್ಟಿದ್ದದು.” ಆ ವರ್ಷ ಪರಾತದ ತಳ ಕೆರೆದು, ಗೌಸಬಿಯ ಸೆರಗಿನ ಪುಡಿಯನ್ನೂ ಕೊಡವಿ, ಕೊನೆಯ ಒಂದನ್ನು ಕಟ್ಟಿದರು. ಅದು ಯಾರ ಡಬ್ಬಿಗೆ ಹೋಯಿತೋ ದೇವರಿಗೇ ಗೊತ್ತು, ನಮ್ಮವ್ವ ಮಾತ್ರ ಅದು ಮುದ್ದೇಬಿಹಾಳಕ್ಕೆ ಹೋಯಿತೆಂದು ನಂಬಿದ್ದಾಳೆ.

ಇನ್ನೊಂದು ಕಾನೂನು. ಕೊಟ್ಟ ಡಬ್ಬಿಯನ್ನು ಮಾಮಾನ ಹೊಸ್ತಿಲೊಳಗೆ ಯಾರೂ ಬಿಚ್ಚಬಾರದು. ಬಿಚ್ಚಿದರೆ ಎಣಿಸುತ್ತಾರೆ, ಎಣಿಸಿದರೆ ತಪ್ಪುತ್ತಾರೆ, ತಪ್ಪಿದರೆ ಜಗಳ. ಹಾಗಾಗಿ ಡಬ್ಬಿಯ ಬಾಯಿಗೆ ಅರಿವೆ ಕಟ್ಟಿ ಕೊಡುತ್ತಾರೆ, ಕೊಟ್ಟ ಮನೆಗೆ ಹೋಗಿಯೇ ಬಿಚ್ಚಬೇಕು. ನಿಜ ಹೇಳಬೇಕೆಂದರೆ ಆ ಉಂಡಿಗೆ ಅಂಥ ಅವಸರ ಮಾಡುವಷ್ಟು ರುಚಿಯೂ ಇರಲಿಲ್ಲ, ಸ್ವಲ್ಪ ಸಪ್ಪೆ. ಮಾಸ್ತರನ ಮನೆಯ ಉಂಡಿ, ಬೆಲ್ಲಕ್ಕೂ ಲೆಕ್ಕ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾವೂ ಹಾಗೇ ತಿಳಿದಿದ್ದೆವು.

ಇಷ್ಟು ವರ್ಷದಲ್ಲಿ ಹತ್ತೂ ಜನ ಒಟ್ಟಿಗೆ ಬಂದದ್ದೇ ಇಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು ನೋಡಿ, ಹೋದ ವರ್ಷದ ಪಂಚಮಿಯ ಹಿಂದಿನ ದಿನ ಮಧ್ಯಾಹ್ನದೊಳಗೆ ಹತ್ತೂ ಜನ ಮನಗೂಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಗಂಡಂದಿರು ಟಿಕೆಟಿನ ನೆಪ ಹೇಳಿ ತಡೆಯುವ ಕಾಲ ಮುಗಿದಿತ್ತು. ನಮ್ಮವ್ವನ ಬೆನ್ನಿಗೆ ನಾನೂ ಇಳಿದೆ, ಆದರೆ ಮಗಳ ಮಗಳು ಪಾಲಿನ ಲೆಕ್ಕಕ್ಕಿಲ್ಲ. ಮಾಮಾ ಅಂಗಳದಲ್ಲಿ ನಿಂತು ಎಣಿಸಿ ಹಿಗ್ಗಿದರು. “ಹತ್ತಕ್ಕ ಎರಡನೂರಾ ಐವತ್ತೆರಡು. ಒಂದೂ ಉಳಿಯಾಂಗಿಲ್ಲ” ಎಂದು ಪ್ರತಿಯೊಬ್ಬಳಿಗೂ ಬೇರೆ ಬೇರೆಯಾಗಿ ಹೇಳಿದರು. ಆಮೇಲೆ ಗೋಡೆಯ ಮಾಡದ ಮೇಲೆ ಸಾಲಾಗಿಟ್ಟ ಡಬ್ಬಿ ನೋಡಲು ಉಗ್ರಾಣಕ್ಕೆ ಹೋದವರು ಬಣ್ಣಗೆಟ್ಟು ಹೊರಗೆ ಬಂದರು.

“ಮಾಡದ ಮ್ಯಾಲ ಹನ್ನೊಂದು ಡಬ್ಬಿ ಅದಾವು.”

“ನಾ ಇಟ್ಟೇನಿ” ಎಂದು ಒಳಗಿನಿಂದ ಸೀತವ್ವತ್ತಿಯ ದನಿ ಬಂತು. “ಹನ್ನೊಂದನೇದ್ದು ಕೋಮಲಾಂದು.”

ಕೋಮಲ ಮಾಮಾನ ಮಗ ಪ್ರೇಮಕುಮಾರನ ಹೆಂಡತಿ. ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಬಾಗೇವಾಡಿಯಲ್ಲಿ ನರ್ಸ್. ತಾಯಿತಂದೆ ಚಿಕ್ಕಂದಿನಲ್ಲೇ ಹೋಗಿದ್ದರು, ಸಿಂದಗಿಯ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ಬೆಳೆಸಿದ್ದಳು. ಮದುವೆ ಗೊತ್ತಾದ ಮೇಲೆ ಆ ಅಜ್ಜಿಯೂ ತೀರಿಕೊಂಡಳು. ಮದುವೆಯಾದ ಮೊದಲ ಪಂಚಮಿಗೆ ಹುಡುಗಿಯನ್ನು ತವರಿನವರು ಕರೆಯಲು ಬರಬೇಕು. ಕೋಮಲಳನ್ನು ಕರೆಯಲು ಬರುವವರು ಯಾರೂ ಇರಲಿಲ್ಲ. ಹತ್ತು ಜನ ನಾದಿನಿ, ಚಿಕ್ಕತ್ತೆ, ದೊಡ್ಡತ್ತೆಯರಿಗೆ ಚಹಾ ಕೊಡುತ್ತ ಓಡಾಡುತ್ತಿದ್ದಳು.

ಮಾಮಾನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ದಿನಾ ಬೆಳಿಗ್ಗೆ ಅವಳೇ ಅವರ ಬಿ.ಪಿ. ನೋಡುತ್ತಿದ್ದಳು. “ನೂರಾ ಇಪ್ಪತ್ತಾರು ಐತ್ರಿ ಮಾವಾರ” ಎಂದರೆ, “ಏಳು ಹದಿನೆಂಟ್ಲೆ ನೂರಾ ಇಪ್ಪತ್ತಾರು, ಭಾಳ ಚಲೋ ಐತಿ” ಎಂದು ಖುಷಿಪಡುತ್ತಿದ್ದರು. ಒಂದು ದಿನ ನೂರಾ ಇಪ್ಪತ್ತೇಳು ಬಂತು. ಅದು ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ. ಮಾಮಾ ಬೆವೆತು, ಇನ್ನೊಮ್ಮೆ ನೋಡಲು ಹೇಳಿದರು. “ನೂರಾ ಇಪ್ಪತ್ತೆಂಟು ಅಂತ ಬರೀಲೇನ್ರಿ?” ಎಂದಳು ಕೋಮಲ. “ಬರಿಯವ್ವ, ಅದು ಏಳು ಎರಡುಗಳ ಗುಣಲಬ್ಧ” ಎಂದು ಮಾಮಾ ಚಹಾ ಕುಡಿದರು. ಅವರಿಬ್ಬರದೂ ಹಾಗೆ ನಡೆದಿತ್ತು.

ಆದರೆ ಹನ್ನೊಂದು?

“ಸೊಸಿ ಅಕಿ, ಮಗಳಲ್ಲ. ಪಂಚಮಿ ಪಾಲು ಮಗಳಿಗೆ” ಎಂದಳು ನಮ್ಮವ್ವ, ಎಲೆಗೆ ಸುಣ್ಣ ಸವರುತ್ತ. “ಸೊಸಿಗೆ ಅಕಿ ತವರಿಂದ ಬರಬೇಕು.”

“ಅಕಿಗೆ ತವರು ಎಲ್ಲೈತಿ ಅವ್ವಾ?” ಎಂದೆ ನಾನು. ನನಗೆ ಆಗಲೇ ನೆತ್ತಿಗೇರಿತ್ತು.

“ಇಲ್ಲಂದ್ರ ನಾ ಏನ ಮಾಡ್ಲಿ? ಪದ್ಧತಿ ನಾ ಮಾಡಿದ್ದೇನು?”

ಮಾಮಾ ಪದ್ಧತಿಯ ಮಾತಾಡಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. “ಮಗಳೋ ಸೊಸಿಯೋ, ಅದು ನಿಮ್ಮ ವಿಷಯ. ಹನ್ನೊಂದರಿಂದ ಭಾಗ ಹೋಗೂದಿಲ್ಲ. ಒಬ್ಬೊಬ್ಬರಿಗೆ ಎರಡನೂರಾ ಇಪ್ಪತ್ತೊಂಬತ್ತು ಬಂದು, ಒಂದು ಉಳೀತೈತಿ. ಒಂದು. ಆ ಒಂದು ಯಾರದು?” ಎಂದು ನಮ್ಮವ್ವನನ್ನೂ ಮೌಶಿಯನ್ನೂ ನೋಡಿದರು. ಇಬ್ಬರೂ ಈಳಿಗೆಯ ಕಡೆ ನೋಡಿದರು.

ಕೋಮಲ ಚಹಾದ ತಾಟು ಕೆಳಗಿಟ್ಟಳು. “ಇರ್ಲಿ ಬಿಡ್ರಿ ಮಾವಾರ” ಎಂದು, ಮಾಡದ ಮೇಲಿದ್ದ ಹೊಸ ಡಬ್ಬಿಯನ್ನು ತೆಗೆದು ಮಂಚದ ಕೆಳಗೆ ಇಡಲು ಹೋದಳು. ಸೀತವ್ವತ್ತಿ ಅವಳ ಕೈಯಿಂದ ಅದನ್ನು ಕಸಿದು ಮತ್ತೆ ಮಾಡದ ಮೇಲೆ ಕುಕ್ಕಿದಳು. ಉಂಡಿ ಕಟ್ಟಿ ಕಟ್ಟಿ ಅವಳ ಅಂಗೈ ಕೆಂಪಾಗಿತ್ತು. ನನಗೆ ಅಳು ಬಂತು, ಅಳುವ ಬದಲು ನಾನು ಮಾಮಾನ ಜೊತೆ ಜಗಳಕ್ಕೆ ಬಿದ್ದೆ.

“ಹನ್ನೊಂದಕ್ಕ ಭಾಗ ಹೋಗೂ ಸಂಖ್ಯೆ ಇಲ್ಲೇನ್ರಿ ಜಗತ್ತಿನ್ಯಾಗ?”

“ಐತಿ” ಎಂದರು ಮಾಮಾ. ಪಡಸಾಲೆಯ ಗೋಡೆಗೆ ಅವರದೊಂದು ಕರಿಹಲಗೆ ಇದೆ. ಸೀಮೆಸುಣ್ಣ ತೆಗೆದುಕೊಂಡು 27720 ಎಂದು ಬರೆದರು. “ಹನ್ನೊಂದು ಮೊಂಡ ಸಂಖ್ಯೆ. ಉಳಿದವ್ರ ಜೋಡಿ ಹೊಂದಿಕೊಳ್ಳೂದಿಲ್ಲ. ಅದೊಂದು ಬಂದ್ರ ಎಲ್ಲಾನೂ ಹನ್ನೊಂದು ಪಟ್ಟು ಮಾಡಬೇಕು. ಶೇಂಗಾ ಬೆಲ್ಲ ಕೂಡಿ ಏಳು ಕ್ವಿಂಟಲ್ ಹತ್ತಿರ ಆಗ್ತೈತಿ. ಆದ್ರ ಒಂದು ಲಾಭ ಐತಿ, ಹನ್ನೆರಡನೇದಾಕಿ ಪುಕ್ಕಟೆ. ಅಕಿಗಂತ ಒಂದೂ ಹೆಚ್ಚಿಗಿ ಕಟ್ಟೂದು ಬ್ಯಾಡ.”

“ಬಸ್ಸಿನ್ಯಾಗ ನಾವು ಬಂದಂಗ” ಎಂದಳು ಮೌಶಿ.

“ಹೂಂ. ಆದ್ರ ಹದಿಮೂರನೇದಾಕಿ ಬಂದ್ರ ಸತ್ತಿವಿ.” ಮೂರು ಲಕ್ಷದ ಅರವತ್ತು ಸಾವಿರದ ಮುನ್ನೂರ ಅರವತ್ತು ಎಂದು ಬರೆದರು. “ಹದಿನಾಕು, ಹದಿನೈದು ಮತ್ತ ಪುಕ್ಕಟೆ.”

“ಅಣ್ಣಾ, ಇಡೀ ಮನಗೂಳಿ ಕುಂತು ಕಟ್ಟಿದ್ರೂ ಮುಂದಿನ ಪಂಚಮಿಗೆ ಮುಗ್ಯಾಂಗಿಲ್ಲ. ಮಗ್ಗಲಿಗೆ ಕುಂತು ನಾವು ಮುದುಕ್ಯಾರಾಗ್ತೀವಿ.”

ಮಾಮಾ ಹಲಗೆ ಒರೆಸಿದರು. ಒರೆಸುತ್ತ ಅವರ ಕೈ ನಿಂತಿತು. ಅವರ ಮುಖದಲ್ಲಿ ಬೆಳಕು ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ, ಮತ್ತು ಆ ಬೆಳಕು ಯಾವತ್ತೂ ಒಳ್ಳೆಯದಕ್ಕಲ್ಲ ಎಂದು ನನಗೆ ಅನುಭವವಿತ್ತು.

“ಹನ್ನೊಂದು ಬ್ಯಾಡ. ಹನ್ನೆರಡು ಮಾಡೂಣು. ಇದ್ದ 2520 ಹನ್ನೆರಡು ಮಂದಿಗೆ ಸರೀ ಹೋಗ್ತೈತಿ, ಎರಡನೂರಾ ಹತ್ತು. ಕೋಮಲಾಗೂ ಬರ್ತೈತಿ. ಇನ್ನೊಬ್ಬ ಮಗಳು ಬೇಕು, ಅಷ್ಟ.”

ಹೀಗೆ ನನ್ನ ಮಾಮಾ, ಅರವತ್ತು ದಾಟಿದ ವಯಸ್ಸಿನಲ್ಲಿ, ಪಂಚಮಿಯ ಹಿಂದಿನ ಸಂಜೆ, ಇನ್ನೊಬ್ಬ ಮಗಳನ್ನು ಹುಡುಕಲು ಹೊರಟರು. ದೂರ ಹೋಗಲಿಲ್ಲ, ಪಕ್ಕದ ಗೌಸಬಿಯ ಮನೆ. ಗೌಸಬಿಯ ಮಗಳು ನಸ್ರೀನ ಮಾಮಾನ ಹತ್ತಿರವೇ ಗಣಿತ ಕಲಿತು ದೊಡ್ಡವಳಾದವಳು, ಈಗ ಸಿಂದಗಿಯಲ್ಲಿ ಗಂಡನ ಮನೆ. ಗೌಸಬಿ ಅಂಗೈಯ ಬೆಲ್ಲ ತೊಳೆಯುತ್ತ ಫೋನು ಹಚ್ಚಿ ಸ್ಪೀಕರ್ ಹಾಕಿ ಮಾಮಾನ ಕೈಗೆ ಕೊಟ್ಟಳು.

“ನಸ್ರೀನ, ನಾಳಿ ಮುಂಜಾನೆ ಮೊದಲ್ನೇ ಬಸ್ಸಿಗೆ ಬಾರವ್ವ. ನಿನಗ ಉಡಿ ತುಂಬತೇನಿ, ಎರಡನೂರಾ ಹತ್ತು ಉಂಡಿ ಕೊಡ್ತೇನಿ.”

“ಹೌದೇನ್ರಿ ಸರ? ಭಾಳ ಖುಷಿ ಆತ್ರಿ. ಬರ್ತೇನ್ರಿ. ನಮ್ಮ ನಾದಿನಿ ಶಾಹಿಸ್ತಾನೂ ಇಲ್ಲೇ ಅದಾಳ್ರಿ, ಅಕಿನ್ನೂ ಕರಕೊಂಡು ಬರ್ತೇನ್ರಿ. ಅಕಿ ಜೋಕಾಲಿ ನೋಡಿಲ್ರಿ.”

ಮಾಮಾ ಕಟ್ಟೆಯ ಮೇಲೆ ಕೂತುಬಿಟ್ಟರು. “ಹದಿಮೂರು. ಬ್ಯಾಡವ್ವ. ಒಬ್ಬಾಕಿನ ಬಾ.”

“ಅಕಿನ್ನ ಬಿಟ್ಟು ಹ್ಯಾಂಗ ಬರ್ಲಿ ಸರ? ಬೇಜಾರು ಮಾಡ್ಕೋತಾಳ್ರಿ.”

ಮಾಮಾ ಸ್ವಲ್ಪ ಯೋಚಿಸಿದರು. “ಹಂಗಾದ್ರ ಇನ್ನೊಬ್ಬಾಕಿನ್ನ ಹುಡುಕಿ ಕರಕೊಂಡು ಬಾ. ಯಾರಾದ್ರೂ ನಡೀತೈತಿ, ಓಣ್ಯಾಗಿನವ್ರು ನಡೀತೈತಿ. ಹದಿನಾಕು ಆದ್ರ ನೂರಾ ಎಂಬತ್ತು ಬರ್ತಾವು, ತೊಂದ್ರಿ ಇಲ್ಲ.”

ಆಮೇಲೆ ನಸ್ರೀನ ಮೆಲ್ಲಗೆ, “ಸರ, ಆರಾಮ ಅದೀರಿಲ್ರೀ? ಮನ್ಯಾಗ ಯಾರ ಅದಾರ್ರಿ ಜೋಡಿ?” ಎಂದು ಕೇಳಿದಳು. ಗೌಸಬಿ ಫೋನು ಇಸಿದುಕೊಂಡು, ಮುಂದಿನ ವಾರ ಹೇಗೂ ಬರುವವಳಿದ್ದೀಯಲ್ಲ, ಆಗ ಬಾ ಎಂದು ಮುಗಿಸಿದಳು. ಮಾಮಾನನ್ನು ಮನೆಯವರೆಗೆ ಬಿಟ್ಟು ಹೋದಳು.

ಮರುದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಹತ್ತೂ ಜನ ಹೊಸ ಸೀರೆ ಉಟ್ಟು ಸಾಲಾಗಿ ಕೂತರು, ಹಿರಿಯಳಾದ ನಮ್ಮವ್ವನಿಂದ ಹಿಡಿದು ಶೈಲಶ್ರೀಯವರೆಗೆ. ಅವರೆದುರು ಐದು ಪರಾತಗಳಲ್ಲಿ ಉಂಡಿಯ ಗುಡ್ಡೆ. ಅದನ್ನು ಮಾಮಾ ಎರಡು ಸಲ ಎಣಿಸಿ, ಎರಡೂ ಸಲ 2520 ಎಂದು ಹಲಗೆಯ ಮೇಲೆ ಬರೆದಿದ್ದರು. ಕೋಮಲ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಅವಳೂ ಹೊಸ ಸೀರೆ ಉಟ್ಟಿದ್ದಳು. ಪ್ರೇಮಕುಮಾರ ಎಲ್ಲಿದ್ದನೋ ನಾನು ನೋಡಲಿಲ್ಲ. ಪಂಚಮಿಯಲ್ಲಿ ಗಂಡಸರು ಇದ್ದರೂ ಇಲ್ಲದಿದ್ದರೂ ಒಂದೇ.

ಮಾಮಾ ಪರಾತಗಳನ್ನು ನೋಡುತ್ತ ಮಾತಾಡಿದರು. ಕೋಮಲಳ ಕಡೆ ನೋಡಲಿಲ್ಲ. “ಈ ವರ್ಷ ಹತ್ತು. ಕೋಮಲಾಂದು ಮುಂದಿನ ವರ್ಷ ನೋಡೂಣು. ಏನರೆ ಒಂದು ಹಾದಿ ಹುಡುಕತೇನಿ. ಹನ್ನೊಂದರಾಗ ಒಂದು ಉಳೀತೈತಿ, ಅದರ ಜಗಳ ನನ್ನ ಕೈಲೆ ಆಗೂದಿಲ್ಲ.”

“ಹೌದ್ರಿ ಮಾವಾರ” ಎಂದಳು ಕೋಮಲ. ಬಟ್ಟಲಿನ ಕುಂಕುಮವನ್ನು ಬೆರಳಿನಿಂದ ಒಟ್ಟು ಮಾಡಿದಳು.

ಆಗ ಅಡುಗೆಮನೆಯ ಬಾಗಿಲಿಂದ ಸೀತವ್ವತ್ತಿ ಹೊರಗೆ ಬಂದಳು. ಅವಳು ಜೋರು ಮಾತಿನವಳಲ್ಲ. ಅವತ್ತೂ ಜೋರು ಮಾಡಲಿಲ್ಲ.

“ನಾ ಈ ಮನಿಗೆ ಬಂದು ಪಂಚಮಿಗೆ ಒಮ್ಮೆನೂ ತವರಿಗೆ ಹೋಗಿಲ್ಲ. ಹತ್ತು ಮಂದಿ ಬರೂ ಮನಿ, ಸೊಸಿ ಎಲ್ಲಿ ಹೋಗಬೇಕು? ಕುಂತು ಕಟ್ಟೇನಿ. ನೀವು ಎಣಸೀರಿ, ಅವ್ರು ಒಯ್ದಾರ. ಒಂದೂ ಉಳದಿಲ್ಲ ಅಂತ ಊರ ತುಂಬ ಹೇಳ್ಕೊಂಡು ಬಂದೀರಿ. ಒಂದೂ ಉಳದಿಲ್ಲ ಖರೆ. ನನಗೂ ಉಳದಿಲ್ಲ.” ಹತ್ತಿರದ ಪರಾತದಿಂದ ಒಂದು ಉಂಡಿ ಎತ್ತಿಕೊಂಡಳು. “ಒಂದು ತಿಂದ್ರ ಏನಾಗ್ತೈತಿ, ಇವತ್ತ ನೋಡೇ ಬಿಡ್ತೇನಿ.”

ಯಾರಾದರೂ ಏಳುವ ಮೊದಲು ಇಡೀ ಉಂಡಿಯನ್ನು ಬಾಯಿಗೆ ಹಾಕಿಕೊಂಡು, ಸರಿಯಾಗಿ ಅಗಿಯದೆ, ತಂಬಿಗೆಯ ನೀರು ಕುಡಿದು ನುಂಗಿಬಿಟ್ಟಳು. ಬೇರೆ ದಿನ ಮಾಡಿಕೊಂಡು ತಿನ್ನಬಹುದಿತ್ತಲ್ಲ ಎಂದು ಕೇಳುವವರು ಒಮ್ಮೆ ಅಷ್ಟು ಉಂಡಿ ಕಟ್ಟಿ ನೋಡಲಿ, ಆಮೇಲೆ ತನಗಾಗಿ ಇನ್ನೊಂದು ಕಟ್ಟುವ ಶಕ್ತಿ ಕೈಯಲ್ಲಿ ಇದೆಯೋ ಹೇಳಲಿ. ಅಷ್ಟು ವರ್ಷ ಆ ಪಡಸಾಲೆಯಲ್ಲಿ ಕೂತಿದ್ದ ನಮ್ಮಲ್ಲಿ ಒಬ್ಬರಿಗೂ ಅಡುಗೆಮನೆಯ ಕಡೆ ತಿರುಗಿ ನೋಡಬೇಕೆಂದು ಹೊಳೆದಿರಲಿಲ್ಲ.

ಮಾಮಾನ ಗೋಳು ಬೇರೆಯೇ ಇತ್ತು. ಕುರ್ಚಿಯಿಂದ ಎದ್ದು ಬೆರಳು ಮಡಚತೊಡಗಿದರು.

“2519. ಮುಗೀತು. ಎಂಥಾ ಕೆಲಸ ಮಾಡಿದಿ. ಇಬ್ಬರಿಗೆ ಹಂಚಿದ್ರ ಒಂದು ಉಳೀತೈತಿ. ಮೂವರಿಗೆ ಹಂಚಿದ್ರ ಎರಡು ಉಳೀತಾವು. ನಾಲ್ವರಿಗೆ ಮೂರು. ಐವರಿಗೆ ನಾಕು. ಆರು ಮಂದಿಗೆ ಐದು. ಏಳಕ್ಕ ಆರು. ಎಂಟಕ್ಕ ಏಳು. ಒಂಬತ್ತಕ್ಕ ಎಂಟು. ಹತ್ತಕ್ಕ ಒಂಬತ್ತು. ಹನ್ನೊಂದಕ್ಕ...”

ಹಲಗೆಯ ಕಡೆ ತಿರುಗಿದರು. 229 ಎಂದು ಬರೆದು, ಹನ್ನೊಂದರಿಂದ ಗುಣಿಸಿ, ಕೆಳಗೆ ಗೆರೆ ಎಳೆದರು. 2519 ಬಂತು.

“ಹನ್ನೊಂದಕ್ಕ ಏನೂ ಉಳಿಯಾಂಗಿಲ್ಲ” ಎಂದರು, ಸಣ್ಣ ದನಿಯಲ್ಲಿ.

“ಅಂದ್ರ?” ಎಂದಳು ನಮ್ಮವ್ವ.

“ಅಂದ್ರ ಉಳಿದಿದ್ದ ಆ ಒಂದು ಇಕಿದಿತ್ತು ಅಕ್ಕಾ. ಮೊದಲಿಂದನೂ ಇಕಿದಽ ಇತ್ತು.” ಹೆಂಡತಿಯ ಕಡೆ ಕೈ ತೋರಿಸಿ ಹಾಗೆಂದು ಮಾಮಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಕನ್ನಡಕ ಒಣಗಿಯೇ ಇತ್ತು. ಒರೆಸಿಕೊಳ್ಳಬೇಕಾದದ್ದು ಕಣ್ಣು.

ಆಮೇಲೆ ನಮ್ಮವ್ವ, ಯಾವತ್ತೂ ಯಾರಿಗೂ ಒಂದು ಗೇಣು ಜಾಗ ಬಿಡದ ಹಲಸಂಗಿಯ ಬಾಳಮ್ಮ, ತನ್ನ ಸೀರೆಯ ನಿರಿಗೆ ಎಳೆದುಕೊಂಡು ಪಕ್ಕಕ್ಕೆ ಸರಿದಳು. “ನಿಂತು ಏನ ನೋಡ್ತೀಯವಾ? ಬಾ, ಇಲ್ಲಿ ಕುಂಡ್ರು” ಎಂದು ಕೋಮಲಳಿಗೆ ಜಮಖಾನೆಯ ಮೇಲೆ ಜಾಗ ತೋರಿಸಿದಳು. ಕೋಮಲ ಕೂತಳು. ಸೀತವ್ವತ್ತಿ ಮೊದಲು ಅವಳ ಉಡಿ ತುಂಬಿದಳು. ಹನ್ನೊಂದು ಡಬ್ಬಿ ತುಂಬಿದ ಮೇಲೆ ಪರಾತಗಳಲ್ಲಿ ಪುಡಿ ಬಿಟ್ಟು ಬೇರೇನೂ ಇರಲಿಲ್ಲ. ಮಾಮಾ ಪ್ರತಿ ಪರಾತವನ್ನೂ ಬಗ್ಗಿಸಿ ನೋಡಿದರು.

ಬಸ್ಸಿನ ಹೊತ್ತಾಯಿತು. ಎಲ್ಲರೂ ಡಬ್ಬಿಗೆ ಅರಿವೆ ಕಟ್ಟಿಕೊಂಡು ಚಪ್ಪಲಿ ಹುಡುಕುತ್ತಿದ್ದರು. ಕೋಮಲ ಮಾತ್ರ ತನ್ನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

“ಮಾವಾರ, ಡಬ್ಬಿ ನಿಮ್ಮ ಹೊಸ್ತಿಲೊಳಗ ಬಿಚ್ಚಬಾರದಲ್ರಿ. ನಾ ಎಲ್ಲಿ ಬಿಚ್ಚಲ್ರಿ?”

ಮಾಮಾನ ಕಾನೂನಿನಲ್ಲಿ ತವರು ಒಂದು ಊರು, ಗಂಡನ ಮನೆ ಇನ್ನೊಂದು ಊರು. ಎರಡೂ ಒಂದೇ ಬಾಗಿಲಾದರೆ ಏನು ಮಾಡಬೇಕೆಂದು ಅವರು ಯೋಚಿಸಿರಲಿಲ್ಲ. ಕೋಮಲ ಅವರ ಉತ್ತರಕ್ಕೆ ಕಾಯಲಿಲ್ಲ. ಎದ್ದು ಮಾಮಾನಿಗೂ ಅತ್ತಿಗೂ ನಮಸ್ಕಾರ ಮಾಡಿದಳು, ತವರಿನಿಂದ ಹೊರಡುವವರು ಮಾಡುವ ಹಾಗೆ. ಡಬ್ಬಿ ಬಗಲಲ್ಲಿ ಹಿಡಿದು ಹೊಸ್ತಿಲು ದಾಟಿ, ಗೌಸಬಿಯ ಕಟ್ಟೆಯವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ಬಲಗಾಲಿಟ್ಟು ಒಳಗೆ ಬಂದಳು.

“ಅತ್ತಿ, ತವರಿಂದ ಬಂದೇನ್ರಿ” ಎಂದು ಅರಿವೆ ಬಿಚ್ಚಿ ಡಬ್ಬಿಯನ್ನು ಸೀತವ್ವತ್ತಿಯ ಮುಂದೆ ಹಿಡಿದಳು. “ಉಂಡಿ ತಗೊಳ್ರಿ.”

ಅತ್ತಿ ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ಕೂತು, ಖರೆ ಖರೆ ಅತ್ತೆಯ ಠೀವಿಯಿಂದ ಒಂದು ಉಂಡಿ ತೆಗೆದುಕೊಂಡಳು. ಈ ಸಲ ಅವಸರ ಮಾಡಲಿಲ್ಲ. ಅರ್ಧ ಕಚ್ಚಿ, ಕಣ್ಣು ಮುಚ್ಚಿ, ನಿಧಾನ ಅಗಿದಳು. ಚಪ್ಪಲಿ ಮೆಟ್ಟಿದವರೆಲ್ಲ ಬಾಗಿಲಲ್ಲೇ ನಿಂತರು.

“ಬೆಲ್ಲ ಕಡಿಮಿ ಹಾಕ್ಯಾರ ನಿಮ್ಮ ತವರವ್ರು” ಎಂದಳು ಅತ್ತಿ. ಆಮೇಲೆ ಕಣ್ಣು ತೆರೆದು, ಕೈಯಲ್ಲಿ ಉಳಿದ ಅರ್ಧವನ್ನು ನೋಡಿ, ನಮ್ಮನ್ನು ನೋಡಿದಳು. “ಇಷ್ಟು ವರ್ಷ ಹಿಂಗ ಇತ್ತೇನು? ಯಾರೂ ಹೇಳಿಲ್ಲಲ್ಲ.”

ನಮ್ಮವ್ವ ಜೋಕಾಲಿಯ ಹಗ್ಗ ನೋಡಿದಳು, ಮೌಶಿ ಬಸ್ಸಿನ ಸಪ್ಪಳ ಕೇಳಿತೆಂದಳು. ಅತ್ತಿ ಉಳಿದ ಅರ್ಧವನ್ನೂ ತಿಂದು, ಕೋಮಲಳ ಡಬ್ಬಿಗೆ ಕೈ ಹಾಕಿ ಇನ್ನೊಂದು ತೆಗೆದುಕೊಂಡಳು. ಮಾಮಾ ಲೆಕ್ಕ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಮುಚ್ಚಿಕೊಂಡರು.